ಅಮ್ಮನ ತೋಳಿನ ಅದುರು

ಯಾರಾದರೂ ಎಕ್ಸ್‌-ರೇ ಹಾಳೆಯನ್ನು ಬೆಳಕಿಗೆ ಹಿಡಿದರೆ ನನಗೆ ಈಗಲೂ ಬಬ್ಬೂರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ, ಅಮ್ಮ ಚಿತ್ರದುರ್ಗದ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದರು. ಎಷ್ಟೋ ತಿಂಗಳಿಂದ ಅಮ್ಮನ ಕೈಕಾಲಿನ ಮಾಂಸಖಂಡಗಳು ತಾವಾಗಿಯೇ ಅದುರುತ್ತಿದ್ದವು. ಅಂಗಾತ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಅಪ್ಪ ಹಾಳೆಯನ್ನು ಕಿಟಕಿಗೆ ಹಿಡಿದು, "ಏನೂ ಇಲ್ಲಂತೆ. ಎಲ್ಲಾ ಚೆನ್ನಾಗೈತಂತೆ," ಎಂದ.

"ನಾನು ಅವತ್ತೇ ಹೇಳ್ಲಿಲ್ವೇನಪ್ಪ? ಮನಸಿಗೆ ಹಚ್ಕಂಡವಳೆ, ಅಷ್ಟೇಯ. ಎದ್ದು ನಾಕು ಕೆಲ್ಸ ಮಾಡಿದ್ರೆ ಸರಿಹೋಗ್ತೈತೆ," ಎಂದಳು ಅಜ್ಜಿ.

ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟಳು. ನಾನೂ ಹಿಂದೆಯೇ ಹೋದೆ. ಅಷ್ಟಕ್ಕೇ ಏದುಸಿರು ಬಂದು ಗೋಡೆಗೆ ಒರಗಿ ಕುಳಿತವಳು, ನನ್ನ ಅಂಗೈಯನ್ನು ಎಳೆದು ತನ್ನ ತೋಳಿನ ಮೇಲಿಟ್ಟುಕೊಂಡಳು. ಬೆವರಿದ ಚರ್ಮದ ಕೆಳಗೆ ಏನೋ ಪುಟಪುಟನೆ ಕುಣಿಯುತ್ತಿತ್ತು.

"ಗೊತ್ತಾಗ್ತೈತೇನವ್ವ?"

"ಹ್ಞೂಂ ಅಮ್ಮ, ಕುಣೀತೈತೆ. ಅಪ್ಪಂಗೆ ಹೇಳ್ಲಾ?"

ಅವಳ ಕಣ್ಣು ತುಂಬಿತು. ನನ್ನ ಕೈಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು.

"ಬ್ಯಾಡ ಕಣವ್ವ. ನನ್ ಮಾತೇ ನಂಬ್ದೋರು ನಿನ್ ಮಾತು ನಂಬ್ತಾರಾ?"

ಅಷ್ಟು ಹೇಳಿ ಮುಗಿಸಲು ಅವಳು ನಡುನಡುವೆ ನಿಂತು ಉಸಿರೆಳೆದುಕೊಳ್ಳಬೇಕಾಯಿತು.