‘ಸಾರಿ’ ಎಂಬ ಪದದ ಬೇರು

“ಈ ‘ಸಾರಿ’ ಅನ್ನೋ ಪದ ಹುಟ್ಟಿದ್ದಾದರೂ ಎಲ್ಲಿ?” ಎಂದು ನಿವೃತ್ತ ಇಂಗ್ಲಿಷ್ ಮೇಷ್ಟ್ರು ಗೋಡೆಯನ್ನು ಕೇಳುವಂತೆ ಗಟ್ಟಿಯಾಗಿ ಕೇಳಿದರು. ವಾರದ ಅಂಕಣ ಮಧ್ಯಾಹ್ನದೊಳಗೆ ಪತ್ರಿಕೆಗೆ ಹೋಗಬೇಕಿತ್ತು.

ಉತ್ತರವನ್ನೂ ಅವರೇ ಹೇಳುತ್ತಾರೆಂದು ಹುರುಳಿಕಾಯಿ ಸೋಸುತ್ತಿದ್ದ ಹೆಂಡತಿಗೆ ಗೊತ್ತು. ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಯುಗಾದಿಯಿಂದ ಅಪ್ಪನ ಪುಸ್ತಕ ಹುಡುಕಿ ಹುಡುಕಿ ಅವಳಿಗೆ ಸಾಕಾಗಿತ್ತು. ಭಾರತ ವಾಚನಕ್ಕೆಂದು ಅಪ್ಪ ಕೈಯಾರೆ ಬರೆದಿಟ್ಟ ಷಟ್ಪದಿಗಳು ಅದರಲ್ಲಿದ್ದವು. ಅವನ್ನು ಕೇಳುತ್ತಲೇ ಬೆಳೆದವಳು ಅವಳು.

“ಕೇಳೇ,” ಎಂದು ಮೇಷ್ಟ್ರು ಹಾಳೆಯನ್ನು ಎತ್ತಿ ಹಿಡಿದು ಓದಿದರು. “ಅದರ ಬೇರು ಗಾಯ, ನೋವು ಎಂಬ ಹಳೆಯ ಮಾತಿನಲ್ಲಿದೆ. ಎದುರಿನವರ ನೋವು ತನ್ನೆದೆಗೆ ತಾಕದೆ ಆ ಪದವನ್ನು ಆಡಬಾರದು. ಇಂದಿನವರೋ, ಕಾಲು ತುಳಿದು ‘ಸಾರಿ’ ಎನ್ನುತ್ತಾರೆ, ತುಳಿದ ಕಾಲನ್ನು ಮಾತ್ರ ತೆಗೆಯುವುದಿಲ್ಲ. ಹೇಗಿದೆ?”

ಅವಳ ಕಣ್ಣು ಹಾಳೆಯ ಬೆನ್ನಿನ ಮೇಲಿತ್ತು.

“ರೀ, ಇದು ಅಪ್ಪನ ಅಕ್ಷರ!”

ಮೇಷ್ಟ್ರು ಹಾಳೆ ತಿರುಗಿಸಿ ನೋಡಿದರು. “ಒಂದು ಮಗ್ಗುಲು ಖಾಲಿ ಇತ್ತಲ್ಲೇ, ಹರಿದುಕೊಂಡೆ. ಮೂರು ತಿಂಗಳಿಂದ ಇದರಲ್ಲೇ ಬರೆದು ಕಳಿಸ್ತಿದ್ದೀನಿ. ಇದೇ ಕೊನೇದು.”

“ಕಳಿಸಿದ್ದೆಲ್ಲ ವಾಪಸ್ ಕೊಡ್ತಾರಾ?”

“ಅಚ್ಚಾದ ಮೇಲೆ ಯಾರು ಇಟ್ಕೋತಾರೆ? ರದ್ದಿಗೆ ಹಾಕ್ತಾರೆ. ಸಾರಿ ಕಣೇ.”

ಹೇಳಿದ್ದೇ ತಡ, ಮೇಷ್ಟ್ರ ಮುಖ ಅರಳಿತು. ಪೆನ್ನಿನ ಮುಚ್ಚಳ ತೆಗೆದರು.

“ಅರೆ, ಅಂಕಣಕ್ಕೆ ಮುಕ್ತಾಯ ಸಿಕ್ಕೇಬಿಡ್ತು! ಎಲ್ಲಿ, ‘ಕ್ಷಮಿಸಿದ್ದೀನಿ’ ಅನ್ನು, ಬರ್ಕೋತೀನಿ.”

“ಅನ್ನಲ್ಲ.”