ಮನೆಯಲ್ಲಿ ಎಷ್ಟು ಜನ?

“ಮನೆಯಲ್ಲಿ ಎಷ್ಟು ಜನ?” ಎಂದು ಹೀದರ್ ಕೇಳಿದಾಗ ಲುಸಿಯೆನ್ ತಿಬೊಡೊ ಮೊದಲು ಒಲೆಯ ಕಡೆ ನೋಡಿದ.

ಹೀದರ್ ಮನೆ ಬೆಚ್ಚಗಿಡುವ ಹೀಟ್ ಪಂಪ್ ಮಷೀನು ಕೂರಿಸುವ ಕಂಪನಿಯ ಹುಡುಗಿ. ಲೂಯಿಸ್ಟನ್ನಿನ ಆ ಹಳೆಯ ಮನೆಯನ್ನು ನೆಲಮಾಳಿಗೆಯಿಂದ ಮೇಲಿನ ಕೋಣೆಯವರೆಗೆ ಅಳೆದು ಬಂದು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದಳು. ಸರ್ಕಾರದ ಸಹಾಯಧನ ಎಷ್ಟು ಸಿಕ್ಕೀತು ಎಂಬುದು ಮನೆಯ ವರಮಾನದ ಮೇಲಿತ್ತು. ವರಮಾನದ ಮಿತಿ ಮನೆಯಲ್ಲಿರುವ ತಲೆಗಳ ಲೆಕ್ಕದ ಮೇಲಿತ್ತು.

“ನಾನೊಬ್ಬನೇ,” ಎಂದ ಲುಸಿಯೆನ್ ಕೊನೆಗೆ. “ಮೇಲ್ಗಡೆ ಫ್ಲೊರೆನ್ಸ್ ಇದ್ದಾರೆ. ಬಾಡಿಗೆಗೆ.”

ಒಲೆಯ ಮುಂದೆ ಕಾಕಂಬಿ ಹಾಕಿದ ಬೀನ್ಸ್ ಕಾಳು ತಿರುವುತ್ತಿದ್ದ ಫ್ಲೊರೆನ್ಸ್ ಇತ್ತ ನೋಡಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದ ಈ ವಿಧವೆ ಆರು ವರ್ಷದ ಹಿಂದೆ ಎರಡು ಸೂಟ್‌ಕೇಸ್ ಹಿಡಿದು ಇಲ್ಲಿಗೆ ಬಂದವಳು. ಬಾಡಿಗೆಯನ್ನು ಒಂದು ತಿಂಗಳೂ ತಪ್ಪಿಸಿರಲಿಲ್ಲ. ಇಬ್ಬರ ಊಟ ಮಾತ್ರ ಯಾವಾಗಲೋ ಒಂದೇ ಪಾತ್ರೆಗೆ ಬಂದಿತ್ತು. ಆದರೆ ಮನೆ ಕಾಯಿಸುವ ಮುದಿ ಬಾಯ್ಲರಿನ ಬಿಸಿ ಈಗ ಮೇಲಿನ ಕೋಣೆಗೆ ಏರುತ್ತಲೇ ಇರಲಿಲ್ಲ. ಹಿಂದಿನ ಚಳಿಗಾಲವೆಲ್ಲ ಕೋಟು ಹಾಕಿಕೊಂಡೇ ಮಲಗಿದ್ದ ಆಕೆ, ಈ ವರ್ಷವೂ ಹೀಗೇ ಆದರೆ ವೃದ್ಧರ ವಸತಿಗೆ ಹೋಗುತ್ತೇನೆಂದು ಹೇಳಿ ಅಲ್ಲಿ ಹೆಸರನ್ನೂ ಬರೆಸಿ ಬಂದಿದ್ದಳು.

“ಒಬ್ಬರೇ ಅಂದ್ರೆ ದೊಡ್ಡ ಸಬ್ಸಿಡಿ ಸ್ವಲ್ಪದರಲ್ಲಿ ತಪ್ಪಿಹೋಗುತ್ತೆ ಸರ್,” ಎಂದಳು ಹೀದರ್. “ಇವರ ಬಾಡಿಗೆ ನಿಮ್ಮ ಪಿಂಚಣಿಗೆ ಸೇರಿ ಮಿತಿ ದಾಟುತ್ತೆ. ಆಗ ಬರೋದು ಚಿಕ್ಕ ಸಬ್ಸಿಡಿ. ಅದನ್ನ ನಂಬಿಕೊಂಡ್ರೆ ಒಂದೇ ಮಷೀನು. ಇಬ್ಬರದೂ ಒಂದೇ ಸಂಸಾರ ಅಂತಾದ್ರೆ ಲೆಕ್ಕಾನೇ ಬೇರೆ, ಇಬ್ಬರಿಗೆ ಮಿತಿ ಜಾಸ್ತಿ. ದೊಡ್ಡ ಸಬ್ಸಿಡಿ ಬರುತ್ತೆ, ಮೇಲೊಂದು ಕೆಳಗೊಂದು ಕೂರಿಸಬಹುದು. ಇವರು ಬಾಡಿಗೆಯವರಾ, ನಿಮ್ಮ ಮನೆಯವರಾ?”

“ಮನೆಯವರು ಅಂದ್ರೆ... ಮದುವೆ ಆಗಿರಬೇಕಾ?”

“ಮದುವೆ ಯಾರೂ ಕೇಳಲ್ಲ ಸರ್. ಒಲೆ ಒಂದು, ಖರ್ಚು ಒಂದು, ಅಷ್ಟಿದ್ರೆ ಸಾಕು.”

ಲುಸಿಯೆನ್ ಒಲೆಯತ್ತ ತಿರುಗಿದ. “ಫ್ಲೊರೆನ್ಸ್, ಹಾಗೇ ಬರೆಸಿಬಿಡೋಣ್ವಾ?”

ಸೌಟು ಪಾತ್ರೆಯ ಅಂಚಿಗೆ ಟಣ್ ಎಂದು ಬಡಿಯಿತು.

“ಅಬ್ಬಬ್ಬಾ! ಆರು ವರ್ಷ ಎದುರಿಗೆ ಕೂತು ಉಂಡ್ರಿ. ಅವತ್ತೆಲ್ಲ ಕಾಣದ ಮನೆಯವಳು ಇವತ್ತು ಮಷೀನು ಅಗ್ಗ ಆಗುತ್ತೆ ಅಂದ ತಕ್ಷಣ ಕಂಡ್ಲಾ? ಬಾಡಿಗೆ ಕೊಡ್ತೀನಿ, ನಾನು ಬಾಡಿಗೆಯವಳು. ಸುಳ್ಳು ಬರೆಸಬೇಡಿ.”

ಹೀದರ್ ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದಳು. ಲುಸಿಯೆನ್ನನ ಕಿವಿ ಕೆಂಪಾದವು. ಎಷ್ಟೋ ಶನಿವಾರ ಬೀನ್ಸ್ ಊಟಕ್ಕೆ ಕೂತಾಗ ಈ ಮಾತು ಹೇಳಲೆಂದೇ ಬಾಯಿ ತೆರೆದು, ಕಡೆಗೆ ಉಪ್ಪು ಕೇಳಿ ಸುಮ್ಮನಾಗಿದ್ದ. ಇವತ್ತು ಹೇಗೋ ಬಾಯಿಂದ ಹೊರಬಿತ್ತು. ಬಿದ್ದದ್ದಕ್ಕೆ ದುಡ್ಡಿನ ವಾಸನೆ ಹತ್ತಿಬಿಟ್ಟಿತ್ತು.

“ಅವರು ಹೇಳಿದ್ದೇ ಸರಿ,” ಎಂದ. “ಒಬ್ಬನೇ ಅಂತ ಬರ್ಕೊಳಮ್ಮ. ಚಿಕ್ಕ ಸಬ್ಸಿಡಿಯೇ ಇರಲಿ. ಆ ಒಂದು ಮಷೀನು ಮೇಲೆ, ಇವರ ಕೋಣೆಗೆ ಹಾಕಿ.”

“ಕೆಳಗೆ ನಿಮಗೆ?”

“ಕಟ್ಟಿಗೆ ಒಲೆ ಇದೆ. ತಲೆಗೆ ಟೋಪಿ ಇದೆ.”

ಹೀದರ್ ಲ್ಯಾಪ್‌ಟಾಪ್ ಮುಚ್ಚಿದಳು. ಅಂದಾಜು ಪಟ್ಟಿಯನ್ನು ನಾಳೆ ಕಳಿಸುವುದಾಗಿ ಹೇಳಿ ಬ್ಯಾಗು ಎತ್ತಿಕೊಂಡು ಹೊರಟಳು. ಬಾಗಿಲು ಹಾಕಿಕೊಂಡಿತು. ಹೊರಗೆ ಅವಳು ವ್ಯಾನಿನ ಗಾಜಿನ ಮೇಲಿನ ಹಿಮ ಕೆರೆಯುವ ಸದ್ದು, ಒಳಗೆ ಬೀನ್ಸ್ ಕುದಿಯುವ ಸದ್ದು.

“ಮೇಲೆ ನಾನು ಬೆಚ್ಚಗೆ ಮಲಗೋದು, ಕೆಳಗೆ ನೀವು ಗಡಗಡ ನಡುಗೋದು,” ಎಂದಳು ಫ್ಲೊರೆನ್ಸ್. “ನನಗೆ ನಿದ್ದೆ ಬರುತ್ತೇನ್ರೀ? ಎಂಥ ಮೊಂಡ ಮನುಷ್ಯ ನೀವು!”

“ಮೊಂಡ ಅಲ್ಲ. ಸಬ್ಸಿಡಿ ಮಾತು ಮುಗಿದುಹೋಗಲಿ ಅಂತ.” ಲುಸಿಯೆನ್ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ. “ಈಗ ಮುಗೀತು. ಇನ್ನು ನಿಮ್ಮನ್ನ ಕೇಳಿದ್ರೆ ನನಗೆ ಒಂದು ಡಾಲರೂ ಲಾಭ ಇಲ್ಲ, ಬರೋ ಬಾಡಿಗೆನೂ ಹೋಗುತ್ತೆ. ಆದ್ರೂ ಕೇಳ್ತೀನಿ. ಬಾಡಿಗೆ ಕೊಡೋದು ನಿಲ್ಲಿಸಿ, ಫ್ಲೊರೆನ್ಸ್. ಇದು ನಿಮ್ಮನೇನೂ ಹೌದು ಅಂತ ಇದ್ದುಬಿಡಿ. ನನ್ನ ಜೊತೆ.”

ಫ್ಲೊರೆನ್ಸ್ ಉರಿ ತಗ್ಗಿಸಿದಳು. ಒದ್ದೆಯಿಲ್ಲದ ಕೈಗಳನ್ನು ಏಪ್ರನ್ನಿಗೆ ಬಹಳ ಹೊತ್ತು ಒರೆಸಿದಳು. ಮೂಗು ಒರೆಸಿಕೊಂಡಳು.

“ಆ ವೃದ್ಧರ ವಸತಿಯಲ್ಲಿ ಬೀನ್ಸಿಗೆ ಕಾಕಂಬಿ ಹಾಕಲ್ವಂತೆ,” ಎಂದಳು. “ಹಾಗೇ ಬೇಯಿಸಿ ಬಡಿಸ್ತಾರಂತೆ. ಅದನ್ನ ಯಾರು ತಿಂತಾರೆ?”

ಲುಸಿಯೆನ್ನನಿಗೆ ಇದು ಹೌದೋ ಅಲ್ಲವೋ ತಿಳಿಯಲಿಲ್ಲ. ತಿಳಿಯಬೇಕೆಂದು ನಿಂತೇ ಇದ್ದ. ಅಷ್ಟರಲ್ಲಿ ಹೊರಗೆ ವ್ಯಾನು ಗುರ್ರೆಂದಿತು.

“ಇನ್ನೂ ನಿಂತಿದ್ದೀಯಲ್ಲ ಮಾರಾಯ!” ಫ್ಲೊರೆನ್ಸ್ ಸೌಟಿನಿಂದಲೇ ಬಾಗಿಲು ತೋರಿಸಿದಳು. “ಆ ಹುಡುಗಿ ಹೊರಟ್ಲು. ಓಡು! ಬಿದ್ದುಗಿದ್ದೀಯ, ನೋಡ್ಕೊಂಡು ಓಡು!”

ಲುಸಿಯೆನ್ ಓಡಿದ. ಮೈಮೇಲೆ ಕೋಟಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ. ಹಿಮ ಬಿಗಿದ ಅಂಗಳದಲ್ಲಿ ಜಾರುತ್ತ, ಸಾವರಿಸಿಕೊಳ್ಳುತ್ತ, ಎರಡು ಬೆರಳುಗಳನ್ನು ತಲೆಯ ಮೇಲೆತ್ತಿ ಬೀಸುತ್ತ, ಆ ಎಪ್ಪತ್ತರ ಮುದುಕ ವ್ಯಾನಿನ ಹಿಂದೆ ಓಡುತ್ತಲೇ ಇದ್ದ.