ಅತಿ ಚಿಕ್ಕ ಅವಿಭಾಜ್ಯ ಸಂಖ್ಯೆ

ಎರಡನೇ ಬಹುಮಾನದ ಸ್ಟೀಲ್ ಲೋಟ ಮೊನ್ನೆ ಅಟ್ಟದ ಮೇಲೆ ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ನಡೆದ ರಾಜ್ಯಮಟ್ಟದ ವಿಜ್ಞಾನ-ಗಣಿತ ರಸಪ್ರಶ್ನೆಗೆ ನಮ್ಮ ಹೈಸ್ಕೂಲಿನಿಂದ ನಾನೊಬ್ಬಳೇ ಹೋಗಿದ್ದೆ, ಜೊತೆಗೆ ಗಣಿತದ ಮಾಸ್ತರರು ಬಂದಿದ್ದರು. ಮೊದಲ ಬಹುಮಾನಕ್ಕೆ ಒಂದೇ ಪ್ರಶ್ನೆ ಉಳಿದಿತ್ತು: ಅತಿ ಚಿಕ್ಕ ಅವಿಭಾಜ್ಯ ಸಂಖ್ಯೆ ಯಾವುದು? ಮಾಸ್ತರರು ಕಲಿಸಿದಂತೆ "ಎರಡು" ಎಂದೆ.

"ತಪ್ಪು. ಒಂದು," ಎಂದರು ಪ್ರಶ್ನೆ ಕೇಳುತ್ತಿದ್ದ ಸಾಹೇಬರು. ನಮ್ಮ ಶಾಲೆಯ ತಪಾಸಣೆಗೆ ಬರುವವರೂ ಅವರೇ. ಮುಂದಿನ ಸಾಲಿನಲ್ಲಿದ್ದ ಮಾಸ್ತರರನ್ನು ನೋಡಿದೆ. ಅವರು ಧೋತರದ ಅಂಚನ್ನು ಬೆರಳಿನಿಂದ ತೀಡುತ್ತಿದ್ದರು.

ಮರಳುವ ರೈಲಿನಲ್ಲಿ ಮೆಲ್ಲಗೆ ಹೇಳಿದರು: "ನೀ ಹೇಳಿದ್ದ ಬರೋಬ್ಬರಿ ಇತ್ತವಾ."

"ಹಂಗಾರ ಅಲ್ಲೇ ಯಾಕ ಹೇಳಲಿಲ್ರಿ, ಸರ್?"

ಕಿಟಕಿಯ ಹೊರಗೆ ಹತ್ತಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. ನಾವಿಳಿಯುವ ನಿಲ್ದಾಣ ಹತ್ತಿರವಾದಾಗ ಅವರು ಚೀಲ ಹೆಗಲಿಗೇರಿಸಿಕೊಂಡು ಎಂದರು:

"ಗುಡಗೇರಿ ಬಂತು. ಚಪ್ಪಲಿ ಹಾಕ್ಕೋ."